ಓನರಮ್ಮನಿಗೆ ಅರ್ಥವಾಗದ ಬ್ರಂಚು

ಸೀರೆಯ ನೆರಿಗೆಯ ಕೆಳಗೆ ಬಿಳಿ ಕ್ರಿಕೆಟ್ ಶೂ. ನಮ್ಮ ಓನರಮ್ಮನನ್ನು ನೆನೆದರೆ ನನಗೆ ಮೊದಲು ಕಾಣುವುದು ಅದೇ. ಮಂಡಿನೋವಿಗೆ ಮೆತ್ತಗಿರುವುದನ್ನು ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರಂತೆ. ಅಂಗಡಿಗೆ ಹೋಗುವ ಬದಲು ಅವರು ಮೊಮ್ಮಗ ಬಿಟ್ಟಿದ್ದ ಶೂಗಳನ್ನು ಹುಡುಕಿ ತೆಗೆದು, ಲೇಸು ಕಿತ್ತು, ಅದರ ಜಾಗಕ್ಕೆ ಹಳೆಯ ಲಂಗದ ಲಾಡಿ ಪೋಣಿಸಿಕೊಂಡಿದ್ದರು. ಅವರು ಮೆಟ್ಟಿಲು ಹತ್ತಿದರೆ ಕಿಚ್ ಕಿಚ್ ಎಂಬ ಸದ್ದು ಮೊದಲು ಬರುತ್ತಿತ್ತು. ಆಮೇಲೆ ಬಾಗಿಲಿಗೆ ಅಂಗೈಯಿಂದ ಎರಡು ಏಟು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಅವರು ಬೆಲ್ ಒತ್ತಿದ್ದನ್ನು ನಾನು ಕಾಣೆ.

ಸಾರಕ್ಕಿಯಲ್ಲಿ ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗೆ ಇದ್ದೇವೆ. ಈ ರಸ್ತೆಯೆಲ್ಲ ಒಂದು ಕಾಲಕ್ಕೆ ಅವರ ಹೊಲವೇ. ಅದನ್ನು ಹೇಳಿಕೊಂಡು ಅವರು ಕೊರಗುತ್ತಿರಲಿಲ್ಲ, ಆದರೆ ಜಾಗಗಳನ್ನು ಗುರುತಿಸುವುದು ಬೆಳೆಯ ಲೆಕ್ಕದಲ್ಲೇ. "ನಿನ್ ಅಡುಗೆಮನೆ ಇದೆಯಲ್ಲ, ಅಲ್ಲಿ ಬದನೆ ಹಾಕ್ತಿದ್ವಿ. ಸಿಂಕ್ ಕಡೆ ಸೊಪ್ಪು," ಎನ್ನುತ್ತಿದ್ದರು. ಸಿಂಕು ಕಟ್ಟಿಕೊಂಡಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಅಲ್ಲಿ ಯಾವಾಗ್ಲೂ ನೀರು ನಿಲ್ತಿತ್ತು ಕಣಮ್ಮ," ಎಂದರು. ಇದಕ್ಕೆ ಬಾಡಿಗೆದಾರಳು ಏನು ಉತ್ತರ ಕೊಡಬೇಕು?

ನಮ್ಮದು ದಾವಣಗೆರೆ ಕಡೆಯ ಲಿಂಗಾಯತರ ಮನೆ. ಅವರ ಮನೆಯಲ್ಲಿ ಬಾಡೂಟದ ದಿನ ಮೆಟ್ಟಿಲ ಕಡೆಯ ಕಿಟಕಿ ಮುಚ್ಚಿರುತ್ತಿತ್ತು. "ಇವತ್ತು ಕೆಳಗೆ ಬರ್ಬೇಡ, ನಮ್ಮನೇಲಿ ಆಗಿದೆ," ಎಂದು ಕೂಗಿ ಹೇಳುತ್ತಿದ್ದರು. ನನಗೆ ವಾಸನೆಯಿಂದ ತೊಂದರೆಯಿಲ್ಲ ಎಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಮಾರನೆಯ ದಿನ ಮಾತ್ರ ಪಾತ್ರೆ ಬೇರೆ ಮಾಡಿ, ಬರೀ ಅವರೆಕಾಳು ಹಾಕಿ ಹುಳಿ ಮಾಡಿ ತಂದುಕೊಡುತ್ತಿದ್ದರು. ಇವರು ನನ್ನನ್ನು ದೂರ ಇಡುತ್ತಿದ್ದಾರೋ ಹತ್ತಿರ ಇಟ್ಟುಕೊಂಡಿದ್ದಾರೋ ಎನ್ನುವುದು ನನಗೆ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

ಬಡಿಸುವುದರ ಬಗ್ಗೆ ಅವರಿಗೆ ಒಂದು ನಿಯಮವಿತ್ತು. "ಕೇಳಿ ಹಾಕ್ಬಾರ್ದು, ಹಾಕಿ ಕೇಳ್ಬೇಕು. ಮೊದ್ಲೇ ಕೇಳಿದ್ರೆ ಮರ್ಯಾದಸ್ತರು ಬೇಡ ಅಂತಾರೆ, ಹಸ್ಕೊಂಡ್ ಎದ್ದೋಗ್ತಾರೆ." ಅವರು ಮಾತ್ರ ಬೆಳಗ್ಗೆ ಒಂಬತ್ತೂವರೆಗೆ ಮುದ್ದೆ ಉಂಡರೆ ಮಧ್ಯಾಹ್ನ ಎರಡು ಗಂಟೆಯವರೆಗೆ ನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ನಾನು ಕಾಫಿ ಕೊಟ್ಟರೂ ಲೋಟ ಹಿಂದಕ್ಕೆ ತಳ್ಳುತ್ತಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ.

ಈಗ ನನ್ನ ಗಂಡನ ಅಕ್ಕನ ವಿಷಯಕ್ಕೆ ಬರಬೇಕು. ಅವರ ಮನೆ ಇಲ್ಲೇ ಬಿಳೇಕಹಳ್ಳಿಯಲ್ಲಿ. ಟ್ರಾಫಿಕ್ ಇಲ್ಲದಿದ್ದರೆ ಹದಿನೈದು ನಿಮಿಷ. ಏಳು ವರ್ಷ ಅವರು ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ನಮ್ಮ ಮಗನ ನಾಮಕರಣದ ದಿನ ಸೋದರತ್ತೆಯಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದವರು ಅವರೇ. ಆಮೇಲೆ ಊಟದ ಹೊತ್ತಿನಲ್ಲಿ ನಮ್ಮಮ್ಮ ಒಬ್ಬೊಬ್ಬರನ್ನೇ "ಊಟಕ್ಕೆ ಏಳಿ" ಎಂದು ಕರೆದರು. ಅಕ್ಕನನ್ನು ಯಾರೂ ಕರೆಯಲಿಲ್ಲ. ಮನೆಮಗಳಲ್ಲವೇ, ಕರೆಯುವುದೇನು ಎಂದುಕೊಂಡೆವು. ಅವರು ಮೂರನೆಯ ಪಂಕ್ತಿಯವರೆಗೆ ಅದೇ ಕುರ್ಚಿಯಲ್ಲಿ ಕುಳಿತಿದ್ದು, ಆಮೇಲೆ ಎದ್ದು ಹೋಗಿಬಿಟ್ಟರು. ಸಂಜೆ ಫೋನಿನಲ್ಲಿ ತಮ್ಮನಿಗೆ ಹೇಳಿದ್ದು ಒಂದೇ ಮಾತು: "ಹೆಸರಿಡೋಕೆ ಬೇಕಾಗಿದ್ದೆ, ಊಟಕ್ಕೆ ಬೇಡವಾದೆ." ನನ್ನ ಗಂಡನೂ ಸುಮ್ಮನಿರದೆ, "ನೀನೇನ್ ನೆಂಟ್ರವಳಾ? ನೀನೇ ಎಲ್ಲರನ್ನೂ ಕರೀಬೇಕಾಗಿತ್ತು," ಎಂದುಬಿಟ್ಟರು. ಅಲ್ಲಿಗೆ ಮುಗಿಯಿತು. ನನ್ನ ಮಗ ತನಗೆ ಹೆಸರಿಟ್ಟವರ ಮುಖವನ್ನೇ ನೋಡದೆ ಎರಡನೇ ಕ್ಲಾಸಿಗೆ ಬಂದ. ತಪ್ಪು ನನ್ನದೇ ಎಂದು ನನಗೆ ಗೊತ್ತಿತ್ತು. ಆವತ್ತು ಮಗುವನ್ನು ಎತ್ತಿಕೊಂಡು ಅವರ ಮುಂದೆಯೇ ಎರಡು ಸಲ ಓಡಾಡಿದ್ದೆ, ಊಟಕ್ಕೆ ಏಳಿ ಎಂದಿರಲಿಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ಇದ್ದಕ್ಕಿದ್ದಂತೆ ಅಕ್ಕನ ಮೆಸೇಜು ಬಂತು. "ಹದಿನೈದನೇ ತಾರೀಕು ರಜ. ಹನ್ನೊಂದಕ್ಕೆ ಬರ್ತೀವಿ. ಊಟಕ್ಕಲ್ಲ, ಸುಮ್ನೆ."

ಆ 'ಊಟಕ್ಕಲ್ಲ' ಎನ್ನುವುದನ್ನು ನಾನೂ ನನ್ನ ಗಂಡನೂ ಎರಡು ದಿನ ಓದಿದೆವು. ಊಟಕ್ಕೆ ಅಡುಗೆ ಮಾಡಿದರೆ ಅವರ ಮಾತು ಮೀರಿದಂತೆ. ಮಾಡದೆ ಕಳಿಸಿದರೆ ಮತ್ತೆ ಅದೇ ಕಥೆ. ಹನ್ನೊಂದು ಗಂಟೆ ತಿಂಡಿಯ ಹೊತ್ತೂ ಅಲ್ಲ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಪರಿಹಾರ ಕೊಟ್ಟಳು: "ಮೇಡಂ, ಬ್ರಂಚ್ ಪ್ಲ್ಯಾಟರ್ ಮಾಡಿ. ಸಖತ್ ಈಸಿ. ಒಂದೇ ದೊಡ್ಡ ತಟ್ಟೇಲಿ ಎಲ್ಲಾ ಜೋಡಿಸಿಟ್ಬಿಟ್ರೆ ಆಯ್ತು, ಅವರವರಿಗೆ ಬೇಕಾದ್ದು ಅವರವರು ತಗೋತಾರೆ. ನೀವು ಆರಾಮಾಗಿ ಕೂತು ಮಾತಾಡ್ಬಹುದು." ನನಗೆ ಹೋದ ಜೀವ ಬಂದಂತಾಯಿತು.

ಅಷ್ಟು ದೊಡ್ಡ ತಟ್ಟೆ ನಮ್ಮಲ್ಲಿರಲಿಲ್ಲ. ಕೆಳಗೆ ಹೋಗಿ ಕೇಳಿದೆ. ಓನರಮ್ಮ ಅಟ್ಟದಿಂದ ಹಿತ್ತಾಳೆಯ ಹರಿವಾಣವನ್ನು ಮಗನ ಕೈಲಿ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ತಾವೇ ಹೊತ್ತು ತಂದರು. ತಂದವರು ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ನಾನು ಜೋಡಿಸುವುದನ್ನು ನೋಡುತ್ತ ಕುಳಿತರು. ಒಂದು ಕಡೆ ಚಟ್ನಿಪುಡಿ ಸವರಿದ ಪುಟ್ಟ ಇಡ್ಲಿ. ಅದರ ಪಕ್ಕ ಸೌತೆಕಾಯಿ, ಕ್ಯಾರೆಟ್ ಸೀಳು, ನಡುವೆ ಎರಡು ಬಟ್ಟಲಲ್ಲಿ ಚಟ್ನಿ. ಆಮೇಲೆ ಚೀಸ್ ತುಂಡು, ನಿಪ್ಪಟ್ಟು, ದ್ರಾಕ್ಷಿ, ಉಪ್ಪು ಖಾರ ಹಚ್ಚಿದ ಸೀಬೆಹಣ್ಣು, ಮೂಲೆಯಲ್ಲಿ ಮೈಸೂರುಪಾಕು. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

"ಇದು ತಿಂಡೀನಾ ಊಟಾನಾ?" ಎಂದು ಕೇಳಿದರು.

"ಎರಡೂ ಅಲ್ಲಮ್ಮ, ಎರಡರ ಮಧ್ಯದ್ದು. ಬ್ರಂಚು ಅಂತ."

"ಮಧ್ಯದ್ದು ಅಂದ್ರೆ? ಇದಾದ್ಮೇಲೆ ಊಟ ಉಂಟೋ ಇಲ್ವೋ?"

"ಗೊತ್ತಿಲ್ಲಮ್ಮ."

"ಬಡ್ಸೋರ್ಯಾರು?"

"ಯಾರೂ ಬಡಿಸಲ್ಲ. ಅವರವರೇ ತಗೋತಾರೆ."

"ಎಲ್ರೂ ಒಂದೇ ತಟ್ಟೆಗೆ ಕೈ ಹಾಕಿ? ಆ ಚಟ್ನೀಗೆ ಕಚ್ಚಿರೋ ಸೌತೆಕಾಯಿ ಅದ್ದಿ?" ಎಂಜಲು ಎನ್ನುವ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ, ಮುಖ ಹೇಳಿತು. ನಾನು ಅವರ ಸಮಾಧಾನಕ್ಕೆ ಬಟ್ಟಲಿಗೆ ಒಂದೊಂದು ಚಮಚ ಇಟ್ಟೆ. ಅವರು ಅಷ್ಟಕ್ಕೆ ಬಿಡಲಿಲ್ಲ. "ಬಡ್ಸೋರಿಲ್ಲ ಅಂದ್ರೆ ಕರೆಯೋರು ಯಾರು?"

"ಯಾರನ್ನ ಕರೀಬೇಕು? ಎದುರಿಗೇ ಇರುತ್ತಲ್ಲ."

ಅವರು ಹರಿವಾಣವನ್ನೇ ನೋಡಿ, "ನಂಗೊಂದೂ ಅರ್ಥ ಆಗ್ಲಿಲ್ಲ ಕಣಮ್ಮ," ಎಂದು ಎದ್ದು ಹೋದರು. ಹಳೇಕಾಲದವರು, ಪಾಪ ಎಂದುಕೊಂಡೆ. ಏಳು ವರ್ಷದ ಹಿಂದೆ ಯಾವ ಕಾರಣಕ್ಕೆ ಮನೆ ಒಡೆದಿತ್ತೋ ಅದನ್ನೇ ಹಿತ್ತಾಳೆ ತಟ್ಟೆಯಲ್ಲಿ ಅಂದವಾಗಿ ಜೋಡಿಸಿಟ್ಟಿದ್ದೇನೆ ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಬುದ್ಧಿಗೆ ಏನು ಹೇಳಬೇಕೋ!

ಹನ್ನೊಂದಕ್ಕೆ ಸರಿಯಾಗಿ ಅಕ್ಕನೂ ಭಾವನೂ ಬಂದರು. ಅಕ್ಕ ಸೋಫಾದ ತುದಿಯಲ್ಲಿ, ಬ್ಯಾಗು ತೊಡೆಯ ಮೇಲೆ. ಎದುರಿನ ಟೀಪಾಯಿಯ ಮೇಲೆ ಹರಿವಾಣ. "ತಗೊಳ್ಳಿ, ತಗೊಳ್ಳಿ," ಎಂದು ನಾನು ಎಲ್ಲರಿಗೂ ಸೇರಿಸಿ ಹೇಳಿದೆ. "ತಿಂಡಿ ಆಯ್ತಮ್ಮ ನಮ್ದು, ಎಂಟೂವರೆಗೇ," ಎಂದರು ಭಾವ. ನನ್ನ ಗಂಡ ಮಳೆಯ ಬಗ್ಗೆ ಮಾತಾಡಿದರು, ಸಾರಕ್ಕಿ ಜಂಕ್ಷನ್ನಿನ ಬಗ್ಗೆ ಮಾತಾಡಿದರು, ಆಮೇಲೆ ಮಾತು ಮುಗಿಯಿತು. ಯಾರೂ ಮೊದಲು ಕೈ ಹಾಕಲಿಲ್ಲ. ಚೀಸ್ ಬೆವರತೊಡಗಿತು. ನಾನು ಮತ್ತೊಮ್ಮೆ "ತಗೊಳ್ಳಿ" ಎಂದೆ. ಅಕ್ಕ ಗಡಿಯಾರ ನೋಡಿದರು. ಇವರು ಇನ್ನೈದು ನಿಮಿಷಕ್ಕೆ ಏಳುತ್ತಾರೆ, ಎದ್ದರೆ ಮತ್ತೆ ಬರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಏನು ಮಾಡಬೇಕೆಂದು ಮಾತ್ರ ತಿಳಿಯಲಿಲ್ಲ.

ಆಗ ಬಾಗಿಲಿಗೆ ಎರಡು ಏಟು ಬಿತ್ತು.

ಓನರಮ್ಮ ಒಳಗೆ ಬಂದವರೇ ಯಾರ ಅಪ್ಪಣೆಯನ್ನೂ ಕೇಳದೆ ಅಕ್ಕನ ಎದುರಿನ ಕುರ್ಚಿಯಲ್ಲಿ ಕುಳಿತರು. "ನೀನು ಇವ್ನ ಅಕ್ಕ ಅಲ್ವಾ?"

"ಹೌದು," ಎಂದರು ಅಕ್ಕ.

"ಮತ್ಯಾಕ್ ಕೂತಿದೀಯ? ಏಳು, ಬಡ್ಸು. ನಂಗೆ ಹೊಟ್ಟೆ ಹಸೀತಿದೆ."

ಏಳು ವರ್ಷದ ಮೇಲೆ ಬಂದವರನ್ನು ಏಕವಚನದಲ್ಲಿ ಎಬ್ಬಿಸಿ ಕೆಲಸಕ್ಕೆ ಹಚ್ಚುವುದೆಂದರೇನು! "ಅಮ್ಮ, ನಾನು ಹಾಕ್ಕೊಡ್ತೀನಿ," ಎಂದು ಮುಂದೆ ಬಂದೆ. ಅವರು ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಕೂರಿಸಿದರು. ಆ ವಯಸ್ಸಿಗೆ ಅದೆಂಥ ಹಿಡಿತ. "ನೀನ್ ಸುಮ್ನಿರು. ಮನೆಮಗಳು ಇರೋವಾಗ ಸೊಸೆ ಯಾಕ್ ಓಡಾಡ್ಬೇಕು?"

ಅಕ್ಕನ ಮುಖ ಕೆಂಪಾಯಿತು. ಬ್ಯಾಗು ಹಿಡಿದು ಎದ್ದರು. ಹೊರಟೇ ಹೋಗುತ್ತಾರೆ ಎಂದುಕೊಂಡೆ. ಅವರು ಬ್ಯಾಗನ್ನು ಪಕ್ಕಕ್ಕಿಟ್ಟು, ನನ್ನ ಕಡೆ ತಿರುಗಿ, "ತಟ್ಟೆಗಳು ಎಲ್ಲಿವೆ?" ಎಂದರು. ಏಳು ವರ್ಷದಲ್ಲಿ ನನ್ನ ಜೊತೆ ನೇರವಾಗಿ ಆಡಿದ ಮೊದಲ ಮಾತು.

ತಟ್ಟೆ ತಂದು, ಸೆರಗು ಸಿಕ್ಕಿಸಿಕೊಂಡು, ನಾನು ಜೋಡಿಸಿದ್ದನ್ನೆಲ್ಲ ಕ್ಷಣದಲ್ಲಿ ಕೆಡಿಸಿದರು. ಇಡ್ಲಿಯ ಮೇಲೆ ಚಟ್ನಿ, ಅದಕ್ಕೆ ತಾಗಿ ಮೈಸೂರುಪಾಕು. ಬೆರಳಿಗೆ ಹತ್ತಿದ ಚಟ್ನಿ ನೆಕ್ಕಿ, "ಉಪ್ಪೇ ಹಾಕಿಲ್ವಲ್ಲ!" ಎಂದು ಒಳಗೆ ಹೋಗಿ ಉಪ್ಪು ತಂದರು. ಭಾವನಿಗೆ ಕೇಳದೆಯೇ ನಾಲ್ಕು ಇಡ್ಲಿ ಹಾಕಿದರು. ತಿಂಡಿಯಾಗಿದೆ ಎಂದವರು ನಾಲ್ಕನ್ನೂ ತಿಂದರು. ಆಮೇಲೆ ಅಕ್ಕ ನನ್ನ ಮಗನನ್ನು ತಾವೇ ಇಟ್ಟ ಹೆಸರು ಹಿಡಿದು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಬಾಯಿಗೆ ಕೊಟ್ಟರು. ನನ್ನ ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದರು.

ಎಲ್ಲರ ತಟ್ಟೆಯೂ ತುಂಬಿದ ಮೇಲೆ ಅಕ್ಕ ನಿಂತೇ ಇದ್ದರು. ಓನರಮ್ಮ ನನ್ನನ್ನು ನೋಡಿದರು. ನನಗೆ ಅರ್ಥವಾಗಲಿಲ್ಲ. ಇನ್ನೂ ನೋಡಿದರು. ಉಪ್ಪೇ, ನೀರೇ ಎಂದು ನಾನು ಸುತ್ತಲೂ ಹುಡುಕಿದೆ. ಕೊನೆಗೆ ಎಲ್ಲೋ ಏನೋ ಕಳಚಿಕೊಂಡಂತಾಗಿ ಎದ್ದುನಿಂತೆ. "ಅಕ್ಕಾ, ನೀವೂ ಏಳಿ... ಅಲ್ಲ, ಕೂತ್ಕೊಳ್ಳಿ. ಊಟಕ್ಕೆ ಕೂತ್ಕೊಳ್ಳಿ ಅಕ್ಕ. ನಾನು ಬಡಿಸ್ತೀನಿ." ಹೇಳಬೇಕಾದ ಮಾತು ಏಳು ವರ್ಷ ತಡವಾಗಿ, ಅದೂ ತಪ್ಪುತಪ್ಪಾಗಿ ಬಂತು. ಅಕ್ಕ ಕೂತರು. "ಸ್ವಲ್ಪ ಹಾಕು," ಎಂದರು. ನಾನು ಕೇಳದೆ ಜಾಸ್ತಿಯೇ ಹಾಕಿದೆ.

ಅವರು ಹೊರಟಿದ್ದು ಸಂಜೆ ಆರಕ್ಕೆ. ನಡುವೆ ನಾವಿಬ್ಬರೂ ಸೇರಿ ಅನ್ನ, ಸಾರು ಮಾಡಿ ಎಲ್ಲರೂ ಉಂಡೆವು. ಆ ಬ್ರಂಚು ತಿಂಡಿಯಾಯಿತೋ ಊಟವಾಯಿತೋ ಯಾರೂ ಕೇಳಲಿಲ್ಲ.

ಓನರಮ್ಮ ತಮ್ಮ ತಟ್ಟೆಯಲ್ಲಿದ್ದುದನ್ನು ಮುಟ್ಟಿರಲಿಲ್ಲ. ತಟ್ಟೆ ತೊಳೆಯಲು ಹೋದಾಗ ನೋಡಿದೆ, ಹಾಕಿದ್ದು ಹಾಕಿದ ಹಾಗೇ ಇತ್ತು. ಮಾರನೆಯ ದಿನ ಹರಿವಾಣ ಹಿಂದಕ್ಕೆ ಕೊಡುವಾಗ ಕೇಳಿದೆ: "ಅಮ್ಮ, ನಿಮಗೆ ಆ ವಿಷಯ ಹೇಗೆ ಗೊತ್ತಾಯ್ತು?"

"ಯಾವ ವಿಷ್ಯ?"

"ಅಕ್ಕ ಮುನಿಸಿಕೊಂಡಿದ್ದು. ಬಡಿಸೋಕೆ ಹೇಳಿದ್ರಲ್ಲ."

"ಯಾರಾದ್ರೂ ಬಡಿಸ್ಬೇಕಲ್ವಾ? ನಂಗೆ ಮಂಡಿ ನೋವು," ಎಂದು ಗೇಟಿನ ಕಡೆ ಹೋದರು.

ನಾಮಕರಣಕ್ಕೆ ಅವರೂ ಬಂದಿದ್ದರು. ಆದರೆ ಮೊದಲ ಪಂಕ್ತಿಯಲ್ಲೇ ಉಂಡು ಹೋಗಿದ್ದರು ಎಂದು ನನ್ನ ನೆನಪು. ಅಷ್ಟರಲ್ಲೇ ಏನಾದರೂ ಕಂಡಿದ್ದರೋ, ಫೋನಿನಲ್ಲಿ ಆದ ಆ ಜಗಳ ಕೆಳಗೆ ಕೇಳಿಸಿತ್ತೋ, ಅಥವಾ ನಿಜವಾಗಿಯೂ ಮಂಡಿನೋವೇ ಇತ್ತೋ? ಎಷ್ಟು ಸಲ ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಈ ವರ್ಷ ಶಿವರಾತ್ರಿಯಾದ ಮರುವಾರ ಅವರು ಹೋದರು. ಬೆಳಗ್ಗೆ ಮುದ್ದೆ ಉಂಡು ಗೇಟಿನ ಬಳಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಅಕ್ಕನಿಗೆ ಫೋನು ಮಾಡಿದೆ. ಮನೆಯಲ್ಲಿ ಉಟ್ಟ ಸೀರೆಯಲ್ಲೇ ಆಟೋ ಹತ್ತಿ ಬಂದು, ನನಗಿಂತ ಹೆಚ್ಚು ಅತ್ತರು.

ಹನ್ನೊಂದನೇ ದಿನದ ತಿಥಿಗೆ ಮನೆ ಮುಂದೆ ಶಾಮಿಯಾನ ಹಾಕಿದ್ದರು. ನನಗೆ ಅಲ್ಲಿ ನಾನು ಯಾರು ಎನ್ನುವುದೇ ತಿಳಿಯದೆ, ಅತ್ತ ಇತ್ತ ನಿಂತಿದ್ದೆ. ಮೊದಲ ಪಂಕ್ತಿ ಎದ್ದಿತು. ಶಾಮಿಯಾನದ ಆಚೆ, ರಸ್ತೆಯ ಬದಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರು ಮುದುಕಿ ಒಂಟಿಯಾಗಿ ಕುಳಿತಿದ್ದರು. ಅದೇ ಮೂಗು, ಅದೇ ಗಲ್ಲ. ಓನರಮ್ಮನ ಮಗನನ್ನು ಕೇಳಿದೆ.

"ನಮ್ ಚಿಕ್ಕಮ್ಮ, ಅಮ್ಮನ ತಂಗಿ. ಇಲ್ಲೇ ಪುಟ್ಟೇನಹಳ್ಳೀಲಿರೋದು," ಎಂದರು. "ಮೂವತ್ತು ವರ್ಷದಿಂದ ಇಬ್ರಿಗೂ ಮಾತಿರ್ಲಿಲ್ಲ. ಯಾವ್ದೋ ಮದುವೇಲಿ ಏನೋ ಆಯ್ತಂತೆ, ಏನು ಅಂತ ನಮ್ಗೂ ಹೇಳ್ಲಿಲ್ಲ. ಇವತ್ತು ಬಂದಿದಾರೆ, ಊಟಕ್ಕೆ ಕರೆದ್ರೆ ಬೇಡ ಅಂತಾರೆ."

ಕರೆಯಲು ನಾನು ಯಾರು? ಮಹಡಿ ಮನೆಯವಳು. ಕಾಲು ಮಾತ್ರ ನನ್ನನ್ನು ಕೇಳದೆ ಒಳಗೆ ಹೋಯಿತು. ಬಡಿಸುವವರ ಕೈಯಿಂದ ಉಪ್ಪಿನ ಬಟ್ಟಲು ಇಸಿದುಕೊಂಡು ಬಂದು ಆ ಮುದುಕಿಯ ಮುಂದೆ ನಿಂತೆ. "ಅಜ್ಜಿ, ಎಲೆ ಹಾಕಿದಾರೆ. ಉಪ್ಪು ಬಡಿಸೋಕೆ ಮನೆಯೋರು ಯಾರೂ ಇಲ್ಲ."

ಸುಳ್ಳು. ನನ್ನ ಬೆನ್ನ ಹಿಂದೆ ಮನೆಯವರೇ ಮೂವರು ನಿಂತಿದ್ದರು. ಅವರು ಆ ಮೂವರನ್ನೂ ನೋಡಿದರು, ನನ್ನನ್ನೂ ನೋಡಿದರು.

"ನೀನ್ಯಾರು?"

"ಗೊತ್ತಿಲ್ಲ ಅಜ್ಜಿ," ಎಂದೆ.

"ಕೊಡಿಲ್ಲಿ," ಎಂದು ಬಟ್ಟಲು ಕಿತ್ತುಕೊಂಡು ಎದ್ದರು. ಪಂಕ್ತಿಯ ಈ ತುದಿಯಿಂದ ಬಗ್ಗಿ ಬಗ್ಗಿ ಪ್ರತಿ ಎಲೆಗೂ ಉಪ್ಪಿಡುತ್ತ ಹೋದರು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಹೋಗಬಾರದೆಂದು ಎಲ್ಲರಿಗೂ ಹೇಗೋ ತಿಳಿಯಿತು. ಕೊನೆಯ ಎಲೆಯ ಮುಂದೆ ಯಾರೂ ಇರಲಿಲ್ಲ. ಅದಕ್ಕೂ ಉಪ್ಪಿಟ್ಟು, ಬಟ್ಟಲನ್ನು ಪಕ್ಕಕ್ಕಿಟ್ಟು, ಆ ಎಲೆಯ ಮುಂದೆ ತಾವೇ ಕೂತರು.