ಹಗೇವಿಗೆ ಇಳಿಬಿಟ್ಟ ದೀಪ

ಆಗ ನನಗೆ ಹತ್ತೊಂಬತ್ತು. ಐವತ್ತು ವರ್ಷದ ಹಿಂದಿನ ಮಾತು. ಮೊನ್ನೆ ಹೇರೋಹಳ್ಳಿಯ ನಮ್ಮ ಮನೆ ಎದುರಿನ ಸೈಟಿನಲ್ಲಿ ಪಾಯ ತೋಡುವಾಗ ಜೆಸಿಬಿಯ ಹಲ್ಲಿಗೆ ಸಿಕ್ಕಿ ಹಳೇ ಹಗೇವೊಂದು ಒಡೆಯಿತು. ಒಳಗಿನಿಂದ ಮುಗ್ಗುಲು ರಾಗಿಯ ವಾಸನೆ ಬಂತು. ಅದು ಎದುರುಮನೆ ಅತ್ತೆಯ ಹಗೇವು. ಸಂಬಂಧವೇನಲ್ಲ, ಬಾಯಿಮಾತಿಗೆ ಅತ್ತೆ.

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ದೊಡ್ಡದು. ಹೇರೋಹಳ್ಳಿಯದು ಎತ್ತರದ, ನೀರು ನಿಲ್ಲದ ಗೊರಚು ಕಲ್ಲಿನ ನೆಲ. ಬೆಳೆ ಕಡಿಮೆ, ಆದರೆ ಹೂತಿಟ್ಟ ರಾಗಿ ವರ್ಷಗಟ್ಟಲೆ ಕೆಡದು. ನನ್ನ ತವರು ಕೆಂಗೇರಿ ಕಡೆ, ಕೆರೆ ಕೆಳಗಿನ ಗದ್ದೆ ಊರು. ಎರಡು ಬೆಳೆ ಭತ್ತ. ಅಲ್ಲಿ ಗುಂಡಿ ತೋಡಿದರೆ ನೀರು, ಹಾಗಾಗಿ ಕಾಳು ಇಡುವುದು ಮಣ್ಣಿನ ವಾಡೆಯಲ್ಲಿ. ಮದುವೆಯಾದ ಹೊಸತರಲ್ಲಿ ನನಗೆ ಮುದ್ದೆ ಇಳಿಯುತ್ತಿರಲಿಲ್ಲ. ಅತ್ತೆ ನಗುತ್ತಿದ್ದರು. ವಿಧವೆ, ಮಾತು ಒರಟು. ಅವರು ಹೆದರಿದ್ದನ್ನು ನಾನು ಕಂಡಿರಲಿಲ್ಲ.

ಆ ವರ್ಷ ತವರಿನ ಕೆರೆ ಏರಿ ಒಡೆಯಿತು. ವಾಡೆ ಕರಗಿ, ಒಳಗಿನ ಭತ್ತವೆಲ್ಲ ಮೊಳೆಯಿತು. ಅಣ್ಣ ಖಾಲಿ ಚೀಲ ಹಿಡಿದು ಬಂದ. ನಮ್ಮ ಯಜಮಾನರು ಕಾರ್ಖಾನೆಗೆ ಹೋಗಿದ್ದರು, ನಮ್ಮ ಹಗೇವೂ ಬರಿದಾಗಿತ್ತು. ಅಣ್ಣನನ್ನು ಅತ್ತೆಯ ಹತ್ತಿರ ಕರೆದೊಯ್ದೆ.

“ಅನ್ನ ಉಣ್ಣೋ ಊರ್ನೋರು ರಾಗಿ ಕೇಳ್ಕೊಂಡು ಬಂದವ್ರೆ ನೋಡಮ್ಮಿ,” ಎಂದರು. ಎನ್ನುತ್ತಲೇ ಹಾರೆ ತಂದು ಬಾಯಿಯ ಕಲ್ಲು ಎಬ್ಬಿಸಿದರು. ಬುಡ್ಡಿದೀಪಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟರು. ಒಂದಾಳುದ್ದ ಇಳಿಯುವ ಮೊದಲೇ ಆರಿತು.

“ಇವತ್ತು ಆಗಕಿಲ್ಲ. ಬಾಯಿ ತೆರ್ದೇ ಇರ್ಲಿ. ನಾಳೀಕೆ ದೀಪ ಉರುದ್ರೆ ಇಳಿಯೋದು.”

ಅವರು ಒಲೆ ನೋಡಲು ಒಳಗೆ ಹೋದರು. ಅಣ್ಣನಿಗೆ ಸಿಟ್ಟು. “ಕೊಡಕ್ಕೆ ಮನಸ್ಸಿಲ್ಲ, ಅದ್ಕೇ ಈ ದೀಪದ ಆಟ. ಮನೇಲಿ ಮಕ್ಳು ಹಸ್ಕೊಂಡವೆ ಕಣೇ,” ಎಂದ. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲವೆಂದು ಗದ್ದೆ ಊರಿನ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದು, ತುದಿ ನನ್ನ ಕೈಗೆ ಕೊಟ್ಟು ಇಳಿದ.

“ಸಿಕ್ತು, ಚೀಲ ಬಿಡು,” ಎಂದ. ಬಿಟ್ಟೆ. ಆಮೇಲೆ ಕೆಮ್ಮು. ಆಮೇಲೆ ಏನೂ ಇಲ್ಲ… ಕೂಗಿದೆ. ಹಗ್ಗ ಎಳೆದೆ, ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ ಕತ್ತಲು, ಮೂಗಿಗೆ ಆ ಮುಗ್ಗುಲು. ತಲೆ ತಿರುಗಿತು.

ಅತ್ತೆ ಓಡಿ ಬಂದು ನನ್ನ ಜಡೆ ಹಿಡಿದು ಹಿಂದಕ್ಕೆಳೆದರು. ಬೀದಿಗೆಲ್ಲ ಕೇಳುವಂತೆ ಕೂಗಿದರು. ಗಂಡಸರು ಬಂದು ಹಗ್ಗ ಜಗ್ಗಿದರು. ಮೇಲೆ ಬಂದ ಅಣ್ಣನ ತುಟಿ ನೇರಳೆ ಹಣ್ಣಿನ ಬಣ್ಣ, ಕಣ್ಣು ಮೇಲಕ್ಕೆ ಸಿಕ್ಕಿತ್ತು. ಅತ್ತೆ ನೀರೆರಚಿದರು, ಎದೆಗೆ ಗುದ್ದಿದರು. ಎಷ್ಟು ಹೊತ್ತೋ… ಕೊನೆಗೆ ಉಸಿರೆಳೆದ.

ಆಗ ಅತ್ತೆ ಹಗೇವಿನ ಬಾಯಿಂದ ಹಿಂದೆ ಸರಿದು ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡರು.

“ನನ್ ಗಂಡನ್ನೂ ಇದೇ ಬಾಯಿ ನುಂಗಿದ್ದು ಕಣೇ,” ಎಂದರು. “ಆಮ್ಯಾಕೂ ಇದ್ರೊಳಗಿನ್ದೇ ಉಂಡೆ. ಇನ್ನೇನ್ ಉಣ್ಲಿ?”

ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಅಣ್ಣನೂ ಇಲ್ಲ. ಗದ್ದೆಯೂ ಸೈಟಾಯಿತು, ಗೊರಚೂ ಸೈಟಾಯಿತು, ಎರಡು ಊರಿಗೂ ಈಗ ಅಂಗಡಿ ಅಕ್ಕಿ. ಮೊನ್ನೆ ಜೆಸಿಬಿಯವನಿಗೆ ಇಳಿಯಬೇಡ ಎಂದೆ. “ಏನೈತೆ ಅಜ್ಜಿ, ಬರೀ ಗುಂಡಿ,” ಎಂದ. ಮುಚ್ಚುವವರೆಗೆ ಅಲ್ಲೇ ಕೂತಿದ್ದೆ.

ಆ ವರ್ಷ, ಅಣ್ಣನನ್ನು ಮೇಲೆತ್ತಿದ ಮಾರನೆ ಬೆಳಿಗ್ಗೆ, ಅತ್ತೆ ಮತ್ತೆ ದೀಪ ಇಳಿಬಿಟ್ಟರು. ರಾಗಿ ಮುಟ್ಟಿದರೂ ಉರಿಯುತ್ತಲೇ ಇತ್ತು. ಅಣ್ಣ ಗೋಡೆಗೊರಗಿ ಕೂತವನು ಅತ್ತ ತಿರುಗಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಸೆರಗು ಬಿಗಿದು, ಹಗ್ಗದ ತುದಿಯನ್ನು ಅತ್ತೆಯ ಕೈಗೆ ಕೊಟ್ಟು, ಇಳಿದೆ.