ಅವ್ವನ ಬಿಸಿಲು, ಕ್ಯಾಂಪಸ್ಸಿನ ಬಸ್ಸು

ಇವತ್ತು ಬೆಳಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದೆ. ಕೆಳಗಿನ ಮನೆಯ ಪದ್ಮಕ್ಕ ಸಂಡಿಗೆ ಕರಿಯುವ ವಾಸನೆ ಬಚ್ಚಲ ಕಿಟಕಿಯಿಂದ ಒಳಗೆ ನುಗ್ಗಿತು. ಓಮ, ಹಸಿಮೆಣಸಿನಕಾಯಿ, ಕಾದ ಎಣ್ಣೆ. ನಗು ತಡೆಯಲಾಗದೆ ಗದ್ದ ಕೊಯ್ದುಕೊಂಡೆ. ಸಂಡಿಗೆಗೆ ನಗುವಂಥದ್ದೇನಿದೆ ಅಂತೀರಾ? ನಮ್ಮ ಯುನಿವರ್ಸಿಟಿ ಕ್ಯಾಂಪಸ್ಸು ಹಸಿರಾದ ಕಥೆಯಲ್ಲಿ ಸಂಡಿಗೆಯ ಪಾತ್ರ ದೊಡ್ಡದು. ವಾರ್ಷಿಕ ವರದಿಯಲ್ಲಿ ಅದು ಬಂದಿಲ್ಲ. ಅದಕ್ಕೇ ನಿಮಗೆ ಹೇಳುತ್ತೇನೆ.

ನನ್ನ ಅವ್ವ ಬಾಗಲಕೋಟೆಯವಳು. ಅವಳಿಗೆ ಬೇಸಿಗೆ ಅಂದರೆ ಸಂಡಿಗೆ, ಹಪ್ಪಳ, ಕುರಡಗಿ. ಮೊದಲು ನಾವು ಡೊಂಬಿವಲಿಯಲ್ಲಿದ್ದೆವು. ಆ ಸೊಸೈಟಿಯ ಟೆರೇಸಿಗೆ ಬೀಗ, ಕೀಲಿ ಸೆಕ್ರೆಟರಿಯ ಹತ್ತಿರ, ಸೆಕ್ರೆಟರಿ ಎಲ್ಲಿದ್ದಾನೋ ದೇವರಿಗೇ ಗೊತ್ತು. ಅವ್ವ ಬಂದರೆ ಗ್ರಿಲ್ಲಿನ ಕಿಟಕಿಗೆ ಬೀಳುವ ಬಿಸಿಲು ನೋಡಿ ಮುಖ ಸಿಂಡರಿಸುತ್ತಿದ್ದಳು. "ಇದೆಂಥಾ ಬಿಸಲಪಾ, ಚಮಚಾದಲೆ ಬಡಿಸಿದಂಗ" ಅಂದು ಮರಳಿ ಬಾಗಲಕೋಟೆಗೆ, ತನ್ನ ತಮ್ಮನ ಹತ್ತಿರ. ಆಮೇಲೆ ನವಿ ಮುಂಬಯಿಯ ಕ್ಯಾಂಪಸ್ಸಿನಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಇಲ್ಲಿ ಟೆರೇಸಿಗೆ, ಅವ್ವನ ಬಾಯಲ್ಲಿ ಮಾಳಗಿಗೆ, ಬೀಗ ಹೋಗಲಿ, ಬಾಗಿಲೇ ಇರಲಿಲ್ಲ. ಅವ್ವ ಒಮ್ಮೆ ಮೇಲೆ ಹತ್ತಿ ನೋಡಿ ಇಳಿದು ಬಂದವಳೇ ಟ್ರಂಕಿನ ಸೀರೆಗಳನ್ನು ತೆಗೆದು ಕಪಾಟಿನಲ್ಲಿ ಜೋಡಿಸಿದಳು. ಅಪ್ಪ ಹೋದ ಮೇಲೆ ಅವಳು ನನ್ನ ಹತ್ತಿರ ಇರಬೇಕು ಅನ್ನುವುದೊಂದೇ ನನ್ನ ಆಸೆಯಾಗಿತ್ತು. ಆವತ್ತಿನ ಖುಷಿ ನನಗೆ ಪಿಎಚ್‌ಡಿ ಸಿಕ್ಕಾಗಲೂ ಆಗಿರಲಿಲ್ಲ.

ನಾನು ಪಾಠ ಮಾಡುವುದು ಎಲೆಕ್ಟ್ರಿಕಲ್ ವಿಭಾಗದಲ್ಲಿ. ನಮ್ಮಲ್ಲಿ ಮೀಟಿಂಗಿನಲ್ಲಿ ಬಾಯಿ ತೆರೆದವನ ಕೊರಳಿಗೇ ಕೆಲಸ ಬೀಳುತ್ತದೆ. ಒಂದು ಪ್ರಶ್ನೆ ಕೇಳಿದೆ, ಹಸಿರು ಕ್ಯಾಂಪಸ್ ಕಮಿಟಿಗೆ ಕಾರ್ಯದರ್ಶಿಯಾದೆ. ನಮ್ಮ ಯೋಜನೆ ಇಷ್ಟು: ಕಾರು, ಬೈಕು ಎಲ್ಲಾ ಗೇಟಿನ ಹೊರಗೆ. ಒಳಗೆ ಸೈಕಲ್ಲು, ಇಲ್ಲವೇ ಸ್ಟೇಷನ್ನಿನವರೆಗೆ ಓಡಾಡುವ ಕರೆಂಟಿನ ಬಸ್ಸು. ಬಸ್ಸಿಗೆ ಕರೆಂಟು ಟೆರೇಸುಗಳ ಮೇಲಿನ ಸೋಲಾರ್ ಪ್ಯಾನೆಲ್ಲಿನಿಂದ. ಇತಿಹಾಸದ ಪ್ರೊಫೆಸರರೊಬ್ಬರು ಗೇಟಿನಿಂದ ನಡೆದೂ ನಡೆದೂ ಪ್ಯಾಂಟು ಸಡಿಲಾಗಿ, ಹೊಲಿಸಿದ ಹೊಸ ಪ್ಯಾಂಟಿಗೆಲ್ಲ ನನ್ನನ್ನೇ ಬೈಯುತ್ತಿದ್ದರು. ಬೈಗುಳ ತಿನ್ನುವುದೂ ಕಾರ್ಯದರ್ಶಿಯ ಕೆಲಸವೇ ತಾನೇ.

ಆದರೆ ಎಲ್ಲಕ್ಕಿಂತ ಒಳ್ಳೆಯ ಬಿಸಿಲು ಎಲ್ಲಿದೆ ಅಂತ ಅಳೆದು ನೋಡಿದರೆ, ನಮ್ಮ ಕಟ್ಟಡದ ಮೇಲೆಯೇ! ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ತೆಗೆದೆ. ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಬಿಸಲಿನ ಮ್ಯಾಲೂ ನಿಮ್ಮ ಕಮಿಟಿ ಕಣ್ಣ ಬಿತ್ತೇನ? ಮಾಳಗಿ ಹೋದ ಮ್ಯಾಲ ಇಲ್ಲಿ ಕುಂತು ನಾ ಏನ ಮಾಡ್ಲಿ? ಊರಿಗೆ ಕಳಿಸಿಬಿಡು ನನ್ನ."

"ಏನರೆ ವ್ಯವಸ್ಥಾ ಮಾಡ್ತೀನವ್ವಾ" ಅಂದೆ. ಏನು ವ್ಯವಸ್ಥೆ ಅಂತ ನನಗೂ ಗೊತ್ತಿರಲಿಲ್ಲ. ಮಂತ್ರಿಗಳು ಹೇಳುತ್ತಾರಲ್ಲ, ಆ ಧಾಟಿ.

ಪ್ಯಾನೆಲ್ಲುಗಳು ಬಂದವು. ಅವ್ವ ಮೇಲೆ ಹೋಗಿ ನೋಡಿ ಬಂದಳು. ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಒಂದು ಮಾತಿಲ್ಲ! ಊಟಕ್ಕೆ ಕೂತರೆ ತಾಟಿಗೆ ತುಪ್ಪ ಧಾರಾಳವಾಗಿ ಬಿತ್ತು. ಅವ್ವನಿಗೂ ಪರಿಸರದ ಕಾಳಜಿ ಹತ್ತಿತು ಅಂತ ತಿಳಿದೆ. ಕಮಿಟಿಯಲ್ಲಿ, ಹಿರಿಯರ ಸಹಕಾರ ಹೇಗಿರುತ್ತದೆ ನೋಡಿ ಅಂತ ಭಾಷಣವನ್ನೂ ಬಿಗಿದೆ.

ಬಸ್ಸಿನ ಉದ್ಘಾಟನೆಯ ಹಿಂದಿನ ದಿನ. ಹೋದ ವರ್ಷದ ಮೇ ತಿಂಗಳ ಮಧ್ಯಾಹ್ನ, ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ಲ್ಯಾಬಿನ ಪರದೆಯಲ್ಲಿ ಎಲ್ಲ ಕಟ್ಟಡಗಳ ಕರೆಂಟೂ ಜೋರಾಗಿದೆ, ನಮ್ಮದೊಂದು ನೆಲಕಚ್ಚಿದೆ. ಕಾಂಟ್ರಾಕ್ಟರನಿಗೆ ಫೋನು ಮಾಡಿ ವಾಚಾಮಗೋಚರ ಬೈದೆ. ಆಮೇಲೆ ಏದುಸಿರು ಬಿಡುತ್ತ ಟೆರೇಸು ಹತ್ತಿದೆ.

ಹತ್ತಿದವನು ಹಾಗೇ ನಿಂತೆ. ಪ್ಯಾನೆಲ್ಲುಗಳಿಗೆಲ್ಲ ಅವ್ವನ ಹಳೆಯ ಇಲಕಲ್ ಸೀರೆ ಉಡಿಸಿದೆ. ಜಾರದಂತೆ ಲಂಗದ ಲಾಡಿಯಿಂದ ಕಂಬಿಗಳಿಗೆ ಕಟ್ಟಿದೆ. ಸೀರೆಯ ಮೇಲೆ ಸಾಲುಸಾಲು ಸಂಡಿಗೆ. ಪ್ಯಾನೆಲ್ಲಿನ ನೆರಳಲ್ಲಿ ಅವ್ವನೂ ಪದ್ಮಕ್ಕನೂ ಚಾಪೆ ಹಾಸಿಕೊಂಡು ಎಲೆಅಡಿಕೆ ಮೆಲ್ಲುತ್ತಿದ್ದಾರೆ. ಉಡುಪಿ ಕಡೆಯ ಪದ್ಮಕ್ಕ ನನ್ನನ್ನು ಕಂಡವರೇ, "ಎಂಥ ತಲೆ ಮಾರಾಯ್ರೆ ನಿಮ್ಮದು! ಕಾಗೆಗೂ ಕೂರ್ಲಿಕ್ಕೆ ಆಗುದಿಲ್ಲ, ಕಾಲು ಸುಡ್ತದೆ" ಅಂದರು.

ಅವ್ವನ ಮುಖ ಅರಳಿತ್ತು. "ಅಂದಿದ್ನಿಲ್ಲ ಪದ್ಮಾ? ವ್ಯವಸ್ಥಾ ಮಾಡ್ತೀನಿ ಅಂದಿದ್ದ, ಮಾಡ್ಯಾನ. ಅವ್ವಗ ಬಗ್ಗಾಕ ತ್ರಾಸ ಆಗ್ತೈತಂತ ನಡದ ಮಟಾ ಗಾಜಿನ ಹಲಗಿ ಹಾಕಿಸ್ಯಾನ ನನ್ನ ಮಗಾ."

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಆ ಮುಖ ನೋಡಿಕೊಂಡು ನಿಜ ಹೇಳುವುದಕ್ಕಿಂತ ಬಸ್ಸನ್ನು ನಾನೇ ನೂಕಿಕೊಂಡು ಹೋಗಬಹುದಿತ್ತು. ಚಾಪೆಯ ಅಂಚಿಗೆ ಕೂತೆ. ಹಲಗೆಗಳು ಬಿಸಿಲು ಹಿಡಿಯುವುದಕ್ಕೆ, ಆ ಬಿಸಿಲಿನಿಂದ ಬಸ್ಸು ಓಡಬೇಕು ಅಂತ ತಡವರಿಸುತ್ತ ಹೇಳಿದೆ. ಪದ್ಮಕ್ಕ ನೆಲ ನೋಡಿದರು. ಅವ್ವ ಸಂಡಿಗೆ ನೋಡಿದಳು. ಮುಗಿಯಿತು, ನಾಳೆಗೇ ಟ್ರಂಕು ಹೊರಬೀಳುತ್ತದೆ ಅಂದುಕೊಂಡೆ.

"ಅಂದ್ರ, ಮುಂಜಾನಿಂದ ಆ ಬಸ್ಸು ಉಪಾಸ ಐತೇನ?" ಅಂತ ಕೇಳಿದಳು.

"ಹೌದವ್ವಾ."

"ಹುಚ್ಚಪ್ಯಾಲಿ! ಮೊದಲ ಹೇಳಬಾರದೇನ? ಇನ್ನೊಬ್ಬರ ತಾಟಿನ್ಯಾಗ ನಾ ಯಾಕ ಕೈ ಹಾಕ್ತಿದ್ದೆ?" ಅಂದವಳೇ ಎದ್ದು ಲಾಡಿ ಬಿಚ್ಚತೊಡಗಿದಳು. ಪದ್ಮಕ್ಕ ಒಂದು ಸೆರಗು, ನಾನೊಂದು ಸೆರಗು ಹಿಡಿದೆವು. ಅರೆಒಣಗಿದ ಸಂಡಿಗೆ ಹೊತ್ತು ಮೆಟ್ಟಿಲಿಳಿಯುವಾಗ ಅವ್ವ ನನ್ನ ಕಡೆ ನೋಡಲಿಲ್ಲ.

ಆಮೇಲೆ ಊರಿನ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಹೊರಟೇಬಿಟ್ಟಾಳು ಅನ್ನುವ ಅಳುಕು. ಈ ಬೇಸಿಗೆಯಲ್ಲಿ ಪ್ಯಾನೆಲ್ಲಿನ ಸಾಲುಗಳ ನಡುವಿನ ಓಣಿಯಲ್ಲಿ ಸೀರೆ ಹಾಸಿದ್ದಾಳೆ. ನೆರಳು ಸರಿದಂತೆ ಸೀರೆಯನ್ನೂ ಸರಿಸುತ್ತಾಳೆ. ಸಂಡಿಗೆ ಮೊದಲಿನ ಅರ್ಧವೂ ಆಗುವುದಿಲ್ಲ. "ಬಸ್ಸಿನ ಹೊಟ್ಟಿ ತುಂಬಿ ಉಳದದ್ದು ನಮಗ ಸಾಕು" ಅನ್ನುತ್ತಾಳೆ.

ಇವತ್ತು ಗದ್ದಕ್ಕೆ ಹತ್ತಿ ಅಂಟಿಸಿಕೊಂಡು ಪೇಟೆ ಕೆಲಸಕ್ಕೆ ಸ್ಟೇಷನ್ ಕಡೆ ಹೊರಟರೆ ಅವ್ವನೂ ಚೀಲ ಹಿಡಿದು ಬಂದಳು, ಕೋಪರಖೈರಣೆ ಮಾರ್ಕೆಟ್ಟಿಗೆ. ಬಸ್ಸು ತುಂಬಿತ್ತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಪುಸ್ತಕ ಅವುಚಿಕೊಂಡು, ಕೂರಲೋ ಬೇಡವೋ ಅಂತ ನಿಂತಿದ್ದಳು. ಅವ್ವ ಪಕ್ಕದ ಸೀಟಿನ ಮೇಲಿದ್ದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, ತನ್ನ ಹರಕು ಮರಾಠಿಯಲ್ಲಿ ಕರೆದಳು: "ಬಸ ಬಾಳಾ, ಬಸ. ಆಮಚ್ಯಾ ಘರಚೀ ಗಾಡೀ ಆಹೆ." ಕೂತುಕೊಳ್ಳವ್ವಾ, ನಮ್ಮ ಮನೆಯದೇ ಗಾಡಿ.

ಇಷ್ಟು ವರ್ಷ ಅವ್ವನ ಬಾಯಲ್ಲಿ "ನಮ್ಮ ಮನೆ" ಅಂದರೆ ಬಾಗಲಕೋಟೆಯದು. ಇಲ್ಲಿಯದು "ನಿನ್ನ ಮನೆ". ಹಿಂದಿನ ಸೀಟಿನಲ್ಲಿದ್ದ ನಾನು ಕಿಟಕಿಯ ಕಡೆ ತಿರುಗಿ ಕೂತೆ, ಸ್ಟೇಷನ್ ಬರುವವರೆಗೆ ಈಚೆ ಮುಖ ಮಾಡಲಿಲ್ಲ.