ಜೀಪಿನ ಹೊಟ್ಟೆಗೆ ನಾನು ಕಟ್ಟಿದ ತಗಡು

ನಾನು ನಿಂತಿದ್ದದ್ದು ಕೂಡ್ಲಿಗಿಯಿಂದ ಕೊಟ್ಟೂರಿಗೆ ಬರುವ ರಸ್ತೆಯ ಎಡಬದಿಯಲ್ಲಿ, ಒಂದು ಸಣ್ಣ ಮೋರಿಯ ಕಟ್ಟೆಯಿಂದ ಹನ್ನೆರಡು ಹೆಜ್ಜೆ ಈಚೆಗೆ. ಹೆಜ್ಜೆಗಳನ್ನು ಮರುದಿನ ಎಣಿಸಿದೆ. 1998ರ ಜನವರಿ, ಸಂಕ್ರಾಂತಿ ಕಳೆದು ನಾಲ್ಕನೆಯ ದಿನ, ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಪಕ್ಕದ ಹಳ್ಳಿಯಲ್ಲಿ ಒಂದು ಗೇಟಿನ ಅಳತೆ ತೆಗೆದುಕೊಂಡು, ಕೊಟ್ಟೂರಿನ ನನ್ನ ವೆಲ್ಡಿಂಗ್ ಅಂಗಡಿಗೆ ಮರಳಲು ಜೀಪು ಕಾಯುತ್ತಿದ್ದೆ.

ನನ್ನ ಎದುರಿಗೆ ಡಾಂಬರಿನ ಮೇಲೆ ಸುಮಾರು ಮೂವತ್ತು ಮಾರು ಉದ್ದ ಹುರುಳಿ ಬಳ್ಳಿ ಹಾಸಿತ್ತು. ಕಣ ಮಾಡುವ ಗೋಜಿಲ್ಲದೆ ರಸ್ತೆಗೆ ಹರಡುವುದು ನಮ್ಮ ಕಡೆಯ ರೂಢಿ. ಬಸ್ಸು, ಲಾರಿಗಳ ಗಾಲಿಗಳೇ ಕಾಳು ಬಿಡಿಸುತ್ತಿದ್ದವು. ಹುರುಳಿಯ ಒಡತಿ, ನಲವತ್ತರ ಆಸುಪಾಸಿನ ಹೆಂಗಸು, ಮೊರ ಇಟ್ಟುಕೊಂಡು ಅಂಚಿನಲ್ಲಿ ಕೂತಿದ್ದಳು.

ಒಣಗಿದ ಹುರುಳಿ ಬಳ್ಳಿ ಗಾಡಿಯ ತಳಕ್ಕೆ ಸುತ್ತಿಕೊಳ್ಳುತ್ತದೆ. ಸೈಲೆನ್ಸರ್ ಪೈಪಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಸುಗ್ಗಿಯಲ್ಲಿ ನಮ್ಮ ಡ್ರೈವರುಗಳು ಸೀಟಿನ ಕೆಳಗೆ ಒಂದು ಕುಡುಗೋಲು ಇಟ್ಟಿರುತ್ತಿದ್ದರು. ಹಾಸು ದಾಟಿದ ಕೂಡಲೇ ಗಾಡಿ ನಿಲ್ಲಿಸಿ, ನೆಲಕ್ಕೆ ಮಲಗಿ, ಸುತ್ತಿದ್ದನ್ನು ಕೊಯ್ದು ಎಳೆದು ಹಾಕಿ ಮುಂದೆ ಹೋಗುತ್ತಿದ್ದರು.

ಅಂದು ಬಂದದ್ದು ನನಗೆ ಗೊತ್ತಿದ್ದ ಜೀಪು. ಅದನ್ನು ಓಡಿಸುತ್ತಿದ್ದವನು ನನಗಿಂತ ಐದಾರು ವರ್ಷ ಚಿಕ್ಕವನು. ಜೀಪೂ ಅವನದೇ, ಮನೆ ನಡೆಯುತ್ತಿದ್ದದ್ದೂ ಅದರಿಂದಲೇ. ಅವನ ಊರಿನ ದಾರಿಗೆ ಒಂದು ಹಳ್ಳ ಅಡ್ಡ ಇತ್ತು, ಹಳ್ಳದ ತುಂಬ ಗುಂಡುಕಲ್ಲು. ಹಿಂದಿನ ಮಳೆಗಾಲದಲ್ಲಿ ಎರಡು ಸಲ ಕಲ್ಲು ಬಡಿದು ಚೇಂಬರ್, ಅಂದರೆ ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಪಾತ್ರೆ, ಒಡೆದಿತ್ತು. ದೀಪಾವಳಿ ಮುಗಿದ ಮೇಲೆ ಅದಕ್ಕೊಂದು ತಗಡು ಕಟ್ಟಿಕೊಡು ಎಂದು ನನ್ನ ಅಂಗಡಿಗೆ ಬಂದ.

ಹಳೆಯ ಟ್ರಾಲಿಯ ದಪ್ಪ ತಗಡು ಕೊಯ್ದೆ. ನನಗೆ ಕೆಲಸ ಕಲಿಸಿದವರು ಇಂಥ ತಗಡಿಗೆ ಹಿಂದುಗಡೆ ನಾಲ್ಕು ಬೆರಳು ಸಂದು ಬಿಡಲೇಬೇಕು, ಒಳಗೆ ಹೊಕ್ಕದ್ದು ಹೊರಗೆ ಬೀಳಬೇಕು ಎಂದು ಹೇಳಿಕೊಟ್ಟಿದ್ದರು. ನಾನು ಬಿಡಲಿಲ್ಲ. ಸಂದಿನಿಂದ ಸಣ್ಣ ಕಲ್ಲು ಸಿಡಿಯುತ್ತದೆ ಎಂದುಕೊಂಡೆ. ಅದಷ್ಟೇ ಕಾರಣ ಅಲ್ಲ. ಬಗ್ಗಿ ನೋಡಿದವರು ಕೆಲಸ ಎಷ್ಟು ಬಿಗಿಯಾಗಿದೆ ಅನ್ನಲಿ ಎಂಬ ಆಸೆಯೂ ಇತ್ತು. ಹಿಂದಿನ ಮತ್ತು ಎರಡೂ ಪಕ್ಕದ ಅಂಚನ್ನು ಮೇಲಕ್ಕೆ ಮಡಚಿ, ಪರಾತದ ಹಾಗೆ ಮಾಡಿ ಬೋಲ್ಟು ಬಿಗಿದೆ.

ಅವನು ಕೆಳಗೆ ತೂರಿ ನೋಡಿ ಎದ್ದು ಬಂದ.

"ಅಣ್ಣಾ, ಹುರುಳಿ ಸುಗ್ಗಿ ಬರ್ತೈತಿ. ಇದರಾಗ ಬಳ್ಳಿ ಹೊಕ್ಕರ ತೆಗಿಯೋದು ಹ್ಯಾಂಗ?"

"ಹೊಕ್ಕರ ತಾನ? ಇದರಾಗ ಗಾಳಿ ಸೈತ ಹೋಗಂಗಿಲ್ಲ. ಇನ್ನ ನೀ ರೋಡಿನಾಗ ಮಕ್ಕೊಳ್ಳೋದು ತಪ್ತು ನೋಡಲೇ."

"ಮಕ್ಕೊಳ್ಳಾಕ ಮನಿ ಐತಿ ಬಿಡು," ಎಂದು ನಕ್ಕ. ನನ್ನ ಮಾತು ನಂಬಿದ. ಆ ಸುಗ್ಗಿಯಲ್ಲಿ ಅವನು ಹಾಸು ದಾಟಿ ಗಾಡಿ ನಿಲ್ಲಿಸುವುದನ್ನು ಬಿಟ್ಟಿದ್ದ ಎಂಬುದು ನನಗೆ ಆಮೇಲೆ ತಿಳಿಯಿತು.

ಜೀಪು ಹಾಸಿನ ಮೇಲೆ ಬಂತು. ನಾನು ಕೈ ಎತ್ತಿದೆ. ಅದು ನನ್ನ ಮುಂದೆ, ಹಾಸು ಇನ್ನೂ ಮುಗಿಯದ ಜಾಗದಲ್ಲೇ ನಿಂತಿತು. ಮೊದಲು ವಾಸನೆ ಬಂತು, ಆಮೇಲೆ ಬಾನೆಟ್ಟಿನ ಅಂಚಿನಿಂದ ಬಿಳಿ ಹೊಗೆ. ಅವನು ಇಳಿದು ಎಲ್ಲರನ್ನೂ ಇಳಿಸಿದ. ಒಂಬತ್ತು ಜನ ಇದ್ದರು, ಯಾರಿಗೂ ಏನೂ ಆಗಲಿಲ್ಲ. ಕುಡುಗೋಲು ತೆಗೆದುಕೊಂಡು ಹಳೆಯ ರೂಢಿಯಂತೆ ನೆಲಕ್ಕೆ ಮಲಗಿದ. ಕೊಯ್ಯಲು ಬಳ್ಳಿ ಕಾಣಲಿಲ್ಲ, ನನ್ನ ತಗಡು ಕಾಣಿಸಿತು. ಮುಂದಿನಿಂದ ನುಗ್ಗಿದ ಬಳ್ಳಿಗೆ ಹಿಂದೆ ದಾರಿ ಇಲ್ಲದೆ, ಪರಾತ ತುಂಬಿ ಪೈಪಿನವರೆಗೆ ಒತ್ತಿಕೊಂಡಿತ್ತು. ಅವನು ಅಂಚಿನ ಮೇಲಿಂದ ಬಲಗೈ ತೂರಿಸಿ ಎಳೆಯಲು ನೋಡಿದ. ಒಳಗಿನದೆಲ್ಲ ಒಮ್ಮೆಲೇ ಹೊತ್ತಿತು. ಕೈ ಅಂಚಿಗೆ ಸಿಕ್ಕಿಕೊಂಡಿತ್ತು. ನಾನು ಅವನ ಕಾಲು ಹಿಡಿದು ಎಳೆದೆ. ನಾನು ಮಾಡಿದ್ದು ಅಷ್ಟೇ. ಆ ಹೆಂಗಸು ಮೊರದಲ್ಲಿ ಮಣ್ಣು ತುಂಬಿ ತುಂಬಿ ಎರಚುತ್ತಿದ್ದಳು. ಜೀಪು ಉರಿಯಿತು, ಕೆಳಗಿದ್ದ ಅವಳ ಹುರುಳಿಯೂ ಅರ್ಧ ಉರಿಯಿತು.

ಕೂಡ್ಲಿಗಿ ಕಡೆ ಹೊರಟಿದ್ದ ಲಾರಿಯೊಂದು ಅವನನ್ನು ಆಸ್ಪತ್ರೆಗೆ ಒಯ್ಯಲು ನಿಂತಿತು. ಅಷ್ಟರಲ್ಲಿ ಸುತ್ತ ಜನ ಕೂಡಿ, ತಪ್ಪು ಯಾರದೆಂದು ಮಾತಾಡತೊಡಗಿದರು. ಅವನೇ ಹೇಳಿದ: "ಆಕಿ ಬಾಳ ದಪ್ಪ ಹಾಸ್ಯಾಳ. ಗಾಡಿ ಹೋಗೋ ದಾರ್ಯಾಗ ಹಂಗ ಹಾಸ್ತಾರೇನು?" ಆಮೇಲೆ ನನ್ನ ಮುಖ ನೋಡಿದ. "ನೀ ನೋಡಿಯಲ್ಲ, ಹೇಳಣ್ಣಾ."

ನಾನು ತಲೆ ಆಡಿಸಿದೆ. ಹೌದು ಎಂದು ಬಾಯಿಬಿಟ್ಟು ಹೇಳಲಿಲ್ಲ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ತಲೆ ಆಡಿಸಿದ್ದು ಸಾಕಾಗಿತ್ತು. ಊರಿನ ಹಿರಿಯರು ಅಲ್ಲೇ ಅವಳನ್ನು ಬೈದರು. ಅವಳು ಖಾಲಿ ಮೊರ ಹಿಡಿದುಕೊಂಡು ನಿಂತಿದ್ದಳು. ದಿನಾ ಹಾಸಿದಷ್ಟೇ ಹಾಸಿದ್ದೇನೆ ಎಂದು ಒಂದೇ ಸಲ ಹೇಳಿದಳು.

ಮರುದಿನ ಬೆಳಿಗ್ಗೆ ಸ್ಪಾನರ್ ಹಿಡಿದುಕೊಂಡು ಅಲ್ಲಿಗೆ ಹೋದೆ. ಸುಟ್ಟ ಜೀಪಿನ ಕೆಳಗೆ ತೂರಿ ಆರು ಬೋಲ್ಟು ಬಿಚ್ಚಿದೆ. ತಗಡಿನೊಳಗೆ ಬೂದಿ ಗಟ್ಟಿಯಾಗಿ ಕೂತಿತ್ತು. ಹೊರಗೆ ಬಂದಾಗ ಅವಳು ಮಣ್ಣಿನಲ್ಲಿ ಉಳಿದ ಕಾಳು ಆಯುತ್ತಿದ್ದಳು.

"ಅದೇನ್ರಿ ಅಣ್ಣಾ, ಬಿಚ್ಚಿಕೊಂಡು ಹೊಂಟೀರಿ?"

"ಏನಿಲ್ಲವ್ವಾ. ಹಳೆ ಕಬ್ಬಿಣ."

ಅದನ್ನು ಅಂಗಡಿಗೆ ಒಯ್ದು, ಗುರುತು ಸಿಗದ ಹಾಗೆ ನಾಲ್ಕು ತುಂಡು ಮಾಡಿದೆ.

ಅವನ ಬಲಗೈಯ ಮೂರು ಬೆರಳು ಅಂಗೈ ಕಡೆ ಮಡಚಿಕೊಂಡೇ ಉಳಿದವು. ಮತ್ತೆ ಗಾಡಿ ಓಡಿಸಲಿಲ್ಲ. ಅಂಗಡಿಗೆ ಬಂದಾಗೆಲ್ಲ, ಆ ಹೆಂಗಸಿನಿಂದ ತನ್ನ ಬಾಳು ಕೆಟ್ಟಿತೆಂದು ಹೇಳುತ್ತಿದ್ದ. ನಾನು ಚಹಾ ತರಿಸುತ್ತಿದ್ದೆ. ಅವಳಾದರೋ ರಸ್ತೆಗೆ ಹಾಸುವುದನ್ನೇ ಬಿಟ್ಟು, ಹೊಲದಲ್ಲಿ ಕೋಲಿನಿಂದ ಬಡಿದು ಕಾಳು ಮಾಡತೊಡಗಿದಳಂತೆ.

ಅಂದಿನ ಒಂಬತ್ತು ಪ್ರಯಾಣಿಕರಲ್ಲಿ ನನಗೆ ಗೊತ್ತಿರುವಂತೆ ಈಗ ಬದುಕಿರುವವರು ಒಬ್ಬರೇ: ಕಾನಹೊಸಹಳ್ಳಿಯಲ್ಲಿರುವ, ನಿವೃತ್ತರಾದ ಒಬ್ಬ ಅಂಚೆಯವರು. ಅವರು ಬೆಂಕಿಯನ್ನಷ್ಟೇ ಕಂಡವರು. ಜೀಪಿನವನು ಇದ್ದಾನೆ, ಹಗರಿಬೊಮ್ಮನಹಳ್ಳಿಯಲ್ಲಿ ಮಗಳ ಮನೆಯಲ್ಲಿ. ಆ ಹುರುಳಿಯ ಹೆಂಗಸೂ ಇದ್ದಾಳೆ, ರಸ್ತೆ ಪಕ್ಕದ ತನ್ನ ಹಳ್ಳಿಯಲ್ಲೇ. ನಾನು ತಗಡು ಬಿಚ್ಚಿದ್ದನ್ನು ಕಂಡವಳು ಅವಳೊಬ್ಬಳೇ. ಅದು ಏನೆಂದು ಅವಳಿಗೆ ನಾನಿನ್ನೂ ಹೇಳಿಲ್ಲ.